ರಾವಣನ ವೇಷ ಯಶ್‌ಗೆ: ನಮ್ಮ ಸೀಮೆಯವರು ಏನು ಹೇಳ್ತೀರಿ?

ಕೋಟಿತೀರ್ಥದ ಕಟ್ಟೆ (ಗೋಕರ್ಣ) · 4 ಜುಲೈ 2025

ನಿನ್ನೆ ‘ರಾಮಾಯಣ’ದ ಮೊದಲ ವಿಡಿಯೊ ಬಿಟ್ಟಿದ್ದಾರೆ, ನೋಡಿರುತ್ತೀರಿ. ರಾಮ ರಣಬೀರ್ ಕಪೂರ್, ಸೀತೆ ಸಾಯಿ ಪಲ್ಲವಿ, ಹನುಮಂತ ಸನ್ನಿ ದೇವಲ್, ಲಕ್ಷ್ಮಣ ರವಿ ದುಬೆ. ರಾವಣ ನಮ್ಮ ಯಶ್. ನಿತೇಶ್ ತಿವಾರಿ ನಿರ್ದೇಶನ. ಸಂಗೀತಕ್ಕೆ ಎ. ಆರ್. ರೆಹಮಾನ್ ಮತ್ತು ಹಾನ್ಸ್ ಜಿಮ್ಮರ್. ಮೊದಲ ಭಾಗ 2026ರ ದೀಪಾವಳಿಗೆ, ಎರಡನೆಯದು 2027ರ ದೀಪಾವಳಿಗೆ. ಯಶ್ ನಿರ್ಮಾಪಕರಲ್ಲೂ ಒಬ್ಬರು.

ಬೇರೆ ಊರಿನವರಿಗೆ ಇದು ಸಿನಿಮಾ ಸುದ್ದಿ. ನಮಗೆ ಊರಿನ ಸುದ್ದಿ. ರಾವಣ ಇಲ್ಲಿಗೆ ಬಂದು ಹೋದವ.

ಅಜ್ಜಿ ನನ್ನನ್ನು ಮೊದಲ ಸಲ ಮಹಾಗಣಪತಿ ಗುಡಿಗೆ ಕರೆದುಕೊಂಡು ಹೋದಾಗ ನನಗೆ ಐದೋ ಆರೋ ವರ್ಷ. ಎರಡೇ ಕೈಯ, ನಿಂತ ಗಣಪತಿ. ನೆತ್ತಿಯ ಮೇಲೆ ತಗ್ಗು. ‘ಇದು ರಾವಣ ಗುದ್ದಿದ್ದು’ ಅಂದಳು. ನಾನು ಮುಟ್ಟಲು ಹೆದರಿದೆ, ಗಣಪತಿಗೆ ಇನ್ನೂ ನೋವಿರಬಹುದು ಅಂತ. ಆಮೇಲೆ ಮಹಾಬಲೇಶ್ವರನ ಗರ್ಭಗುಡಿಯಲ್ಲಿ ಆತ್ಮಲಿಂಗಕ್ಕೆ ಬೆರಳು ತಾಗಿಸುವಾಗಲೂ ಅದೇ ಕಥೆ: ಎಷ್ಟು ಜಗ್ಗಿದರೂ ಏಳಲಿಲ್ಲ, ತಿರುಚಿ ಎಳೆದ, ಆಕಳ ಕಿವಿಯ ಹಾಗಾಯಿತು. ಸಿಟ್ಟಿನಲ್ಲಿ ಅವನು ಬಿಸಾಡಿದ್ದು ಬಿದ್ದಲ್ಲೆಲ್ಲ ಒಂದೊಂದು ಕ್ಷೇತ್ರ: ಮುರ್ಡೇಶ್ವರ, ಧಾರೇಶ್ವರ, ಗುಣವಂತೆ, ಕಾರವಾರದ ಶೆಜ್ಜೇಶ್ವರ.

ಹಾಗಾಗಿ ರಾವಣ ಅಂದಕೂಡಲೇ ನನಗೆ ಹತ್ತು ತಲೆ ಕಾಣುವುದಿಲ್ಲ. ತಾಯಿಯ ಪೂಜೆಗೆಂದು ಲಿಂಗ ತಂದವ ಕಾಣುತ್ತಾನೆ. ಸಂಧ್ಯಾವಂದನೆಯ ಹೊತ್ತಾಯಿತಲ್ಲ ಅಂತ ಅದನ್ನು ದನಕಾಯುವ ಹುಡುಗನ ಕೈಗೆ ಕೊಟ್ಟು, ತಿರುಗಿ ನೋಡುವಷ್ಟರಲ್ಲಿ ಎಲ್ಲ ಕಳೆದುಕೊಂಡು ಮರಳ ಮೇಲೆ ನಿಂತವ. ಆ ಮುಖ ಯಶ್ ಮಾಡಬಲ್ಲರಾ? ವಿಡಿಯೊದಲ್ಲಿ ತೋರಿಸಿದ ಅರೆಕ್ಷಣದಲ್ಲಿ ಗತ್ತು ಕಂಡಿತು. ಗತ್ತು ಅವರಿಗೆ ಮೊದಲಿನಿಂದಲೂ ಇದೆ. ನಾನು ಕಾಯುತ್ತಿರುವುದು ಆ ಸೋತ ಮುಖಕ್ಕೆ.

ನಿಮಗೆಲ್ಲ ಏನನ್ನಿಸಿತು?

ಚಂಡೆಪೆಟ್ಟು (ಹೊನ್ನಾವರ) · 4 ಜುಲೈ

ಕಟ್ಟೆಯವರೇ, ಒಳ್ಳೆಯ ಮಾತು ಎತ್ತಿದಿರಿ. ಒಂದು ಸೇರಿಸುತ್ತೇನೆ. ಆತ್ಮಲಿಂಗದ ಕಥೆ ವಾಲ್ಮೀಕಿಯಲ್ಲಿ ಇಲ್ಲ, ಅದು ಪುರಾಣದ ಕಡೆಯಿಂದ ಬಂದದ್ದು. ಆದರೆ ಗೋಕರ್ಣ ವಾಲ್ಮೀಕಿಯಲ್ಲೂ ಇದೆ. ಉತ್ತರಕಾಂಡದಲ್ಲಿ ರಾವಣ ತಮ್ಮಂದಿರ ಜೊತೆ ತಪಸ್ಸಿಗೆ ಬಂದು ಕೂರುವುದು ಗೋಕರ್ಣದ ಆಶ್ರಮದಲ್ಲೇ. ಅಲ್ಲೇ ಬ್ರಹ್ಮನಿಂದ ವರ ಪಡೆದದ್ದು. ಅಂದರೆ ರಾವಣ ರಾವಣನಾಗಿದ್ದು ನಮ್ಮ ನೆಲದಲ್ಲಿ. ಇಷ್ಟು ದೊಡ್ಡ ಚಿತ್ರ ಮಾಡುವವರು ಆ ತಪಸ್ಸನ್ನು ಎರಡು ನಿಮಿಷವಾದರೂ ತೋರಿಸಬೇಕು ಎಂಬ ಆಸೆ ನನಗಿದೆ.

ಕನ್ನಡದವನೊಬ್ಬ ರಾವಣನಾಗುವುದಕ್ಕೆ ಇನ್ನೊಂದು ಅರ್ಥವೂ ಇದೆ. ಜೈನ ಕವಿ ನಾಗಚಂದ್ರನ ರಾಮಾಯಣ ಓದಿದವರಿಗೆ ಗೊತ್ತು. ಅಲ್ಲಿ ರಾವಣ ಸೀತೆಯ ನಿಲುವು ಕಂಡು ಮನಸ್ಸು ತಿರುಗಿಸಿಕೊಂಡು ಪಶ್ಚಾತ್ತಾಪ ಪಡುತ್ತಾನೆ. ಗೆದ್ದಮೇಲೆ ಅವಳನ್ನು ರಾಮನಿಗೆ ಒಪ್ಪಿಸುತ್ತೇನೆ ಅನ್ನುವ ರಾವಣ ಅವ. ಕನ್ನಡದ ಜನ ಈ ಪಾತ್ರಕ್ಕೆ ಮೊದಲಿಂದಲೂ ಮನಸ್ಸಿನಲ್ಲಿ ಒಂದು ಜಾಗ ಬಿಟ್ಟುಕೊಂಡೇ ಬಂದಿದ್ದಾರೆ.

ತಾಳಮದ್ದಲೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ರಾವಣನ ಅರ್ಥ ಕೇಳಿದವರೂ ಒಪ್ಪುತ್ತೀರಿ. ಒಬ್ಬ ಅರ್ಥಧಾರಿ ಅವನನ್ನು ಶಿವಭಕ್ತನಾಗಿ ನಿಲ್ಲಿಸುತ್ತಾನೆ, ಇನ್ನೊಬ್ಬ ತಂಗಿಯ ಮಾನಕ್ಕೆ ಹೊರಟ ಅಣ್ಣನಾಗಿ. ಒಂದೇ ಪದ್ಯ, ಒಂದೇ ಭಾಗವತ, ಆದರೆ ರಾವಣ ಬೇರೆ. ಅದಕ್ಕೇ ನಮ್ಮ ಕಡೆ ಯಕ್ಷಗಾನ ಆಟದ ಕರಪತ್ರ ಕೈಗೆ ಸಿಕ್ಕರೆ ಪ್ರಸಂಗದ ಹೆಸರು ಓದಿ ಮುಗಿಯುವ ಮೊದಲೇ ಕಣ್ಣು ಕೆಳಗೆ ಓಡುತ್ತದೆ: ಕೀಚಕ ಯಾರು, ಸೈರಂಧ್ರಿ ಯಾರು? ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ಅಂತ ಇದ್ದರೆ ಮಳೆ ಬರಲಿ ಗಾಳಿ ಬರಲಿ ಜನ ಹೊರಡುತ್ತಿದ್ದರು. ಈಗ ಸಿನಿಮಾದವರು ಮಾಡುತ್ತಿರುವುದೂ ಕರಪತ್ರ ಹಂಚುವ ಕೆಲಸವೇ.

ಕೊನೆಕೊಯ್ಲು (ಶಿರಸಿ) · 4 ಜುಲೈ

ಮಳೆ ಒಂದು ತಾಸೂ ಬಿಡುತ್ತಿಲ್ಲ, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡ ಸಿಕ್ಕಿಲ್ಲ, ಕೊಳೆರೋಗದ ಹೆದರಿಕೆ. ಅದರ ನಡುವೆಯೂ ವಿಡಿಯೊ ನಾಲ್ಕು ಸಲ ನೋಡಿದೆ. ಯಶ್ ಚೆನ್ನಾಗಿ ಮಾಡುತ್ತಾರೆ. ಬೇರೆ ಪಾತ್ರವಾಗಿದ್ದರೆ ಒಪ್ಪುತ್ತಿರಲಿಲ್ಲ ಎಂಬ ಅರ್ಥದ ಮಾತನ್ನು ಅವರೇ ಸಂದರ್ಶನದಲ್ಲಿ ಹೇಳಿದ್ದಾರೆ. ಪಾತ್ರ ಬೇಕು ಅಂತ ಕೇಳಿ ಪಡೆದವನು ಬೇಗಾರು ಮಾಡುವುದಿಲ್ಲ.

ಕಾಳಿ ಕಿನಾರೆ (ಕಾರವಾರ) · 5 ಜುಲೈ

ನನ್ನ ಮಾತು ಸ್ವಲ್ಪ ಬೇರೆ. ಮುಖ ಯಾರದ್ದು ಅಂತ ಎಲ್ಲರೂ ಕೇಳುತ್ತಿದ್ದೀರಿ, ನಾಲಿಗೆ ಯಾರದ್ದು ಅಂತ ಯಾರೂ ಕೇಳುತ್ತಿಲ್ಲ. ರಾಮಾಯಣ ಮೂಲದಲ್ಲಿ ಹಿಂದಿ ಚಿತ್ರ. ನಾವು ನೋಡುವುದು ಕನ್ನಡ ಡಬ್ಬಿಂಗ್. ರಾವಣನ ಬಾಯಿಂದ ಬರುವ ಕನ್ನಡ ಎಂಥದ್ದು? ‘ಓ ಮೂರ್ಖನೇ, ನಿನಗೆ ನನ್ನ ಶಕ್ತಿ ತಿಳಿದಿಲ್ಲ’ ಅಂತ ಹಳೇ ಧಾರಾವಾಹಿಯ ಕನ್ನಡ ಬಂದರೆ ಅರ್ಧ ರಾವಣ ಅಲ್ಲೇ ಸತ್ತ. ಯಶ್ ಸ್ವತಃ ಕನ್ನಡಕ್ಕೆ ಕಂಠ ಕೊಡಲಿ, ಮಾತು ಬರೆಯುವವರು ನಾಲ್ಕು ತಾಳಮದ್ದಲೆ ಕೇಳಿ ಬರೆಯಲಿ. ಇಷ್ಟೇ ನನ್ನ ಬೇಡಿಕೆ.

ಈ ಕಾರಣಕ್ಕೇ ನನಗೆ ‘ಟಾಕ್ಸಿಕ್’ ಮೇಲೆ ಹೆಚ್ಚು ನಿರೀಕ್ಷೆ. ಗೀತು ಮೋಹನ್‌ದಾಸ್ ನಿರ್ದೇಶನ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಚಿತ್ರೀಕರಣ ಮಾಡುತ್ತಿದ್ದಾರೆ. ಅಂದರೆ ತುಟಿ ಕನ್ನಡಕ್ಕೇ ಆಡುತ್ತದೆ. ಮೊದಲು 2025ರ ಏಪ್ರಿಲ್ 10 ಅಂದಿದ್ದರು, ಈಗ 2026ರ ಮಾರ್ಚ್ 19 ಅಂತಿದ್ದಾರೆ, ಯುಗಾದಿಯ ದಿನ. ಕಾಯೋಣ.

ವೇದಿಕೆ ನಿರ್ವಾಹಕ · 5 ಜುಲೈ

ಎಲ್ಲರಿಗೂ ಒಂದು ವಿನಂತಿ. ಚಿತ್ರತಂಡ ತಾನೇ ಹೇಳಿದ್ದನ್ನು ಹೇಳಿದ್ದು ಅಂತ ಬರೆಯಿರಿ, ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಸುದ್ದಿ ಅಂತಲೇ ಬರೆಯಿರಿ. ಮಂಡೋದರಿ ಕಾಜಲ್ ಅಗರ್ವಾಲ್ ಎಂದು ಮೂರು ಜನ ಬೇರೆ ಎಳೆಗಳಲ್ಲಿ ಖಚಿತ ಎಂಬಂತೆ ಹಾಕಿದ್ದೀರಿ. ಅದು ಸದ್ಯಕ್ಕೆ ಸುದ್ದಿ.

ಬನವಾಸಿ ಹುಡುಗಿ · 7 ಜುಲೈ

ಇವತ್ತು ರಿಷಬ್ ಶೆಟ್ಟಿ ಹುಟ್ಟುಹಬ್ಬ. ‘ಕಾಂತಾರ: ಚಾಪ್ಟರ್ 1’ ಪೋಸ್ಟರ್ ಬಂತು!! ಅಕ್ಟೋಬರ್ 2 ಪಕ್ಕಾ. ಬೆಂಕಿಯ ಎದುರು ಕೊಡಲಿ, ಗುರಾಣಿ ಹಿಡಿದು ನಿಂತಿದ್ದಾರೆ.

ಕಟ್ಟೆಯವರು ರಾವಣ ನಮ್ಮವ ಅಂದರು. ಹಾಗಾದರೆ ನಾನು ಹೇಳುತ್ತೇನೆ, ಈ ಕಥೆ ನಮ್ಮದು. ಕದಂಬರ ಕಾಲದ ಕಥೆ ಅಂತ ಸುದ್ದಿ ಇದೆ. ಕದಂಬ ಅಂದರೆ ಬನವಾಸಿ. ನಾನು ದಿನಾ ಕಾಲೇಜಿಗೆ ಬಸ್ಸು ಹತ್ತುವುದು ಮಧುಕೇಶ್ವರ ದೇವಸ್ಥಾನದ ಹತ್ತಿರ. ವರದಾ ನದಿ ಈಗ ತುಂಬಿ ಕೆಂಪಾಗಿ ಹರಿಯುತ್ತಿದೆ. ಹಿಂದೆ ರಾಜ್‌ಕುಮಾರ್ ‘ಮಯೂರ’ ಮಾಡಿದ್ದು 1975ರಲ್ಲಿ. ಐವತ್ತು ವರ್ಷ ಆಯಿತು! ಅಪ್ಪ ಈಗಲೂ ಮಯೂರವರ್ಮ ಅಂದರೆ ರಾಜ್‌ಕುಮಾರರ ಮುಖವನ್ನೇ ನೆನೆಸಿಕೊಳ್ಳುತ್ತಾರೆ. ಶಾಲೆಯ ಗೋಡೆಯ ಮೇಲೆ ಬರೆದ ಮಯೂರವರ್ಮನಿಗೂ ಅವರದೇ ಮೂಗು. ಪಾತ್ರಕ್ಕೆ ಸರಿಯಾದ ನಟ ಸಿಕ್ಕರೆ ಇತಿಹಾಸದ ಮುಖವೇ ಅವನದಾಗಿಬಿಡುತ್ತದೆ. ನಮ್ಮ ಪೀಳಿಗೆಗೆ ಯಾರ ಮುಖ?

ನಾಯಕಿ ಯಾರು ಅಂತ ಇನ್ನೂ ಹೇಳಿಲ್ಲ. ರುಕ್ಮಿಣಿ ವಸಂತ್ ಅಂತ ಗುಸುಗುಸು (ನಿರ್ವಾಹಕರೇ, ಗುಸುಗುಸು ಅಂತಲೇ ಬರೆದಿದ್ದೇನೆ). ಅವರೇ ಆಗಲಿ ಅಂತ ನನ್ನ ಆಸೆ. ‘ಸಪ್ತ ಸಾಗರದಾಚೆ ಎಲ್ಲೋ’ದಲ್ಲಿ ಸುಮ್ಮನೆ ನಿಂತು ನೋಡಿಯೇ ಅಳಿಸಿದವರು.

ಅಘನಾಶಿನಿ (ಕುಮಟಾ) · 9 ಜುಲೈ

ನಾನು ಇಷ್ಟು ದಿನ ಓದ್ತಾ ಇದ್ದೆ, ಈಗ ಬರೆಯೂಕೇ ಬೇಕು ಹೇಳಿ ಅನ್ನಿಸ್ತು.

ಏಪ್ರಿಲ್-ಮೇನಲ್ಲಿ ಎನ್‌ಟಿಆರ್ ಮತ್ತೆ ಪ್ರಶಾಂತ್ ನೀಲ್ ಸಿನಿಮಾದ ಶೂಟಿಂಗು ನಮ್ಮ ಕುಮಟಾ ಕಡೆ ಆಯ್ತಲ್ಲ, ಊರಿಗೆ ಊರೇ ಹಬ್ಬ. ಮೀನುಮಾರ್ಕೆಟಲ್ಲೂ ಅದೇ ಮಾತು. ಎನ್‌ಟಿಆರ್ ತಾಯಿ ಕುಂದಾಪುರದವರು ಹೇಳಿ ಹೆಂಗಸರಿಗೆಲ್ಲ ಅವರು ನೆಂಟರೇ. 2026ರ ಜೂನ್ 25ಕ್ಕೆ ಹೇಳಿ ಹೇಳಿದ್ದಾರೆ, ಮೊದಲು ಜನವರಿ 9 ಇತ್ತು. ನಾನೂ ಕಾಯ್ತಾ ಇದ್ದೇನೆ, ನಮ್ಮ ದಂಡೆ ಅಷ್ಟು ದೊಡ್ಡ ಪರದೆ ಮೇಲೆ ಹೇಗೆ ಕಾಣ್ತದೆ ನೋಡೂಕೆ.

ಆದರೆ ಒಂದು ನೋವಿದೆ. ನಮ್ಮ ಮಾವ ನಲವತ್ತು ವರ್ಷ ನಾಟಕ ಮಾಡಿದವರು. ಹಳ್ಳಿ ನಾಟಕದಲ್ಲಿ ಅವರ ದುಶ್ಯಾಸನ ನೋಡಿ ಮಕ್ಕಳು ಎದ್ದು ಓಡಿದ್ದನ್ನು ನಾನೇ ನೋಡಿದ್ದೇನೆ. ಕೆಲವು ವರ್ಷದ ಹಿಂದೆ ಬೇರೆ ಯಾವುದೋ ಸಿನಿಮಾದವರು ಬಂದಾಗ ಅವರನ್ನು ಕರೆದರು. ‘ಪಾತ್ರ ಇದೆ, ಮಾತಿದೆ’ ಅಂದರು. ಬೆಳಿಗ್ಗೆ ಆರಕ್ಕೆ ಇಸ್ತ್ರಿ ಮಾಡಿದ ಪಂಚೆ ಉಟ್ಟು ಹೋದರು. ಸಂಜೆ ತನಕ ಬಿಸಿಲಲ್ಲಿ ನಿಲ್ಲಿಸಿ, ಕಡೆಗೆ ಜಾತ್ರೆಯ ಗುಂಪಲ್ಲಿ ಹಿಂದೆ ನಡೆಯೂಕೆ ಹೇಳಿದರು. ಅವರಿಗೆ ಇದ್ದ ಆ ಎರಡು ಮಾತು ಬೆಂಗಳೂರಿನಿಂದ ಬಂದ ಹುಡುಗ ಆಡಿದ. ನಮ್ಮ ಕಡೆ ಮಾತನ್ನು ಅವನಿಗೆ ಅಲ್ಲೇ ನಿಂತು ಹೇಳಿಕೊಟ್ಟದ್ದು ಮಾವನೇ. ‘ಬತ್ತೆ ಹೇಳಿ ಹೋದಂವ ಬರ್ಲಿಲ್ಲ’ ಅನ್ನೂದನ್ನು ಹನ್ನೆರಡು ಸಲ ಹೇಳಿಸಿದರಂತೆ. ಸಿನಿಮಾ ಬಂದಾಗ ಮನೆಯವರೆಲ್ಲ ಹೋದೆವು. ಮಾವ ಒಂದು ಕ್ಷಣ ಕಂಡರು, ಬೆನ್ನು. ಅವರು ಏನೂ ಮಾತಾಡಲಿಲ್ಲ, ಆ ಪಂಚೆ ಮತ್ತೆ ಉಡಲಿಲ್ಲ.

ಯಾರ ಮೇಲೂ ದೂರು ಹೇಳೂಕೆ ಬರೆದದ್ದಲ್ಲ. ನಮ್ಮ ಜಿಲ್ಲೆ ಎಲ್ಲರಿಗೂ ಬೇಕು, ಸಮುದ್ರ ಬೇಕು, ಕಾಡು ಬೇಕು, ಯಾಣದ ಬಂಡೆ ಬೇಕು. ನಮ್ಮ ಜನ ಯಾವಾಗ ಬೇಕಾಗುದು?

ಚಂಡೆಪೆಟ್ಟು · 9 ಜುಲೈ

ಅಘನಾಶಿನಿಯವರೇ, ಓದಿ ಸುಮ್ಮನೆ ಕೂತುಬಿಟ್ಟೆ. ಮಾವನಿಗೆ ನನ್ನ ನಮಸ್ಕಾರ ಹೇಳಿ.

ಯಾಣ ಅಂದಿರಿ. ತೊಂಬತ್ತರ ದಶಕದಲ್ಲಿ ಸುನಿಲ್ ಕುಮಾರ್ ದೇಸಾಯಿಯವರ ‘ನಮ್ಮೂರ ಮಂದಾರ ಹೂವೇ’ ಬಂದಮೇಲೆ ಯಾಣದ ದಾರಿಯಲ್ಲಿ ವ್ಯಾನುಗಳು ಸಾಲುಗಟ್ಟಿದವು. ಬಂಡೆ ಪ್ರಸಿದ್ಧವಾಯಿತು. ಬಂಡೆಯ ಬುಡದ ಊರಿನ ಮಾತು ಆಗಲೂ ಪರದೆಗೆ ಬರಲಿಲ್ಲ. ಆ ಚಿತ್ರ ನನಗೆ ತುಂಬಾ ಇಷ್ಟ, ಹಾಡು ಈಗಲೂ ಬಾಯಿಗೆ ಬರುತ್ತದೆ. ಆದರೂ ಈ ಮಾತು ಹೇಳಲೇಬೇಕು.

ಬಲೆಗಾರ (ಅಂಕೋಲಾ) · 12 ಜುಲೈ

ನಮಸ್ಕಾರ. ಈಗ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಜುಲೈ 31ರ ತನಕ ಬೋಟು ದಡದಲ್ಲಿ. ಬಲೆ ನೇಯುತ್ತ ಮೊಬೈಲಿನಲ್ಲಿ ಸಿನಿಮಾ ನೋಡುವುದೇ ಕೆಲಸ. ಅದಕ್ಕೇ ಹೇಳುತ್ತೇನೆ. ಸಿನಿಮಾದಲ್ಲಿ ಮೀನುಗಾರನ ಪಾತ್ರಕ್ಕೆ ಯಾರನ್ನು ಹಾಕಿದರೂ ಬಲೆ ಎಳೆಯುವುದನ್ನು ನೋಡಿದರೆ ಗೊತ್ತಾಗುತ್ತದೆ.

ರಂಪಣಿ, ಅಂದರೆ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ, ಎಳೆಯುವುದು ನೋಡಿದ್ದೀರಾ? ಎರಡೂ ತುದಿಯಲ್ಲಿ ಜನ ಸಾಲಾಗಿ ನಿಲ್ಲುತ್ತಾರೆ. ಕೈಯಲ್ಲಿ ಎಳೆಯುವುದಲ್ಲ ಅದು. ಹಗ್ಗ ಹಿಡಿದು ಮೈಯ ಭಾರ ಹಿಂದಕ್ಕೆ ಬಿಡುವುದು. ಹಿಮ್ಮಡಿ ಮರಳಿನಲ್ಲಿ ಹೂತು, ಒಂದೊಂದೇ ಹೆಜ್ಜೆ ಹಿಂದೆ. ಅಲೆ ಹಿಂದೆ ಸರಿಯುವಾಗ ಹಗ್ಗ ಬಿಗಿಯಾಗುತ್ತದೆ, ಆಗ ಎಳೆಯಬಾರದು, ಬರೀ ತಡೆದು ನಿಲ್ಲಬೇಕು. ಮುಂದಿನ ಅಲೆ ಬಲೆಯನ್ನು ದಡಕ್ಕೆ ದೂಡುತ್ತದಲ್ಲ, ಆಗ ನಡೆಯಬೇಕು. ಎಲ್ಲರ ಉಸಿರೂ ಒಂದೇ ಆಗುತ್ತದೆ. ಸಿನಿಮಾದ ನಾಯಕ ಮುಂದಕ್ಕೆ ಬಾಗಿ, ತೋಳಿನ ಮಾಂಸ ಕಾಣುವ ಹಾಗೆ ಜಗ್ಗುತ್ತಾನೆ. ನಮ್ಮಲ್ಲಿ ಹಾಗೆ ಎಳೆದರೆ ಅರ್ಧ ಗಂಟೆಗೆ ಸೊಂಟ ಹಿಡಿಯುತ್ತದೆ, ಅಂಗೈ ಸುಲಿಯುತ್ತದೆ.

ದೊಡ್ಡ ನಟರೇ ಮಾಡಲಿ, ತೊಂದರೆ ಇಲ್ಲ. ಬಂದು ಎಂಟು ದಿನ ನಮ್ಮ ಜೊತೆ ಇರಲಿ. ಕಲಿಸುತ್ತೇವೆ. ಊಟವೂ ಹಾಕುತ್ತೇವೆ.

ಕಾಳಿ ಕಿನಾರೆ · 12 ಜುಲೈ

ಬಲೆಗಾರರ ಪೋಸ್ಟು ಯಾರಾದರೂ ನಿರ್ದೇಶಕರು ಓದಬೇಕು. ಕಾರವಾರ ಅಂದರೆ ಸಿನಿಮಾದವರಿಗೆ ಬೀಚು, ದೋಣಿ, ರಾತ್ರಿ ಬಂದು ಇಳಿಯುವ ಪೆಟ್ಟಿಗೆ. ನಮ್ಮನೆಯಲ್ಲಿ ಅಮ್ಮ ಕೊಂಕಣಿ, ಅಪ್ಪ ಕನ್ನಡ, ಪಕ್ಕದವರು ಮರಾಠಿ. ಒಂದೇ ವಾಕ್ಯದಲ್ಲಿ ಮೂರೂ ಬರುತ್ತವೆ. ಇಂಥ ಮನೆಯ ಹುಡುಗಿಯ ಪಾತ್ರ ಯಾರು ಮಾಡಬೇಕು ಅಂತ ಒಮ್ಮೆ ಯೋಚಿಸಿ ನೋಡಿ. ನಟಿಗಿಂತ ಮೊದಲು ಕಿವಿ ಬೇಕು.

ಕೋಟಿತೀರ್ಥದ ಕಟ್ಟೆ · 13 ಜುಲೈ

ನಾನು ರಾವಣನ ಕೇಳಿದೆ, ಮಾತು ಎಲ್ಲಿಗೆ ಬಂತು! ಬರಲಿ, ಇದೇ ಬೇಕಿತ್ತು.

ನಮ್ಮ ನೆಲದಿಂದ ನಟರೇ ಬಂದಿಲ್ಲ ಅಂತ ಮಾತ್ರ ಯಾರೂ ತಿಳಿಯಬೇಡಿ. ಅನಂತನಾಗ್, ಶಂಕರ್‌ನಾಗ್ ಇಬ್ಬರೂ ನಾಗರಕಟ್ಟೆ ಮನೆತನದವರು, ಹೊನ್ನಾವರದ ಕಡೆಯವರು. ಶಂಕರ್ ‘ಒಂದಾನೊಂದು ಕಾಲದಲ್ಲಿ’ ಮಾಡಿದ್ದು 1978ರಲ್ಲಿ, ಮೊದಲ ಚಿತ್ರಕ್ಕೇ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಅನ್ನಿಸಿಕೊಂಡರು. ಅವರನ್ನು ಆರಿಸಿದ ಗಿರೀಶ ಕಾರ್ನಾಡರು ಬಾಲ್ಯ ಕಳೆದದ್ದು ಶಿರಸಿಯಲ್ಲಿ, ಅಲ್ಲಿನ ಆಟ, ಕಂಪನಿ ನಾಟಕ ನೋಡುತ್ತ. ಅನಂತನಾಗ್ ಅವರಿಗೆ ಈ ವರ್ಷ ಪದ್ಮಭೂಷಣ ಬಂತು. ‘ಕೆಜಿಎಫ್’ ಮೊದಲ ಭಾಗಕ್ಕೆ ಅವರ ಕಂಠ ಎಷ್ಟು ತೂಕ ಕೊಟ್ಟಿತ್ತು, ಎರಡನೇ ಭಾಗದಲ್ಲಿ ಕಥೆ ಹೇಳಲು ಪ್ರಕಾಶ್ ರಾಜ್ ಬಂದಾಗ ಎಷ್ಟು ಜನ ಬೇಸರ ಮಾಡಿಕೊಂಡರು ನೆನಪಿದೆಯಲ್ಲ? ಪ್ರಕಾಶ್ ರಾಜ್ ಸಣ್ಣ ನಟರಲ್ಲ. ಆದರೂ ಕಿವಿ ಒಪ್ಪಲಿಲ್ಲ.

ಚಂಡೆಪೆಟ್ಟು · 14 ಜುಲೈ

ಹೌದು ಹೌದು. ಇದಕ್ಕೆ ಉಲ್ಟಾ ಆದದ್ದನ್ನೂ ಹೇಳಬೇಕು. ಈ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಆಟದಲ್ಲಿ ಉಮಾಶ್ರೀ ಮಂಥರೆಯಾಗಿ ಬಂದರು. ಸಿನಿಮಾದಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ನಟಿ ರಂಗಸ್ಥಳಕ್ಕೆ ಕಾಲಿಟ್ಟರು. ಸುದ್ದಿ ಬಂದಾಗ ನಾನು ಒಪ್ಪಿರಲಿಲ್ಲ, ಮನೆಯಲ್ಲಿ ಜಗಳವೂ ಆಡಿದ್ದೆ. ನಮ್ಮ ಹವ್ಯಾಸಿಗಳಲ್ಲೇ ಮಂಥರೆ ಮಾಡುವವರಿಗೆ ಬರವೇ ಅಂತ. ಆಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಈ ವಯಸ್ಸಿನಲ್ಲಿ ಬೇರೊಂದು ಕಲೆಯ ಹೆಜ್ಜೆ, ತಾಳ, ಮಾತಿನ ಧಾಟಿ ಕಲಿಯಲು ತಲೆಬಾಗಿ ಬಂದವರು ಅವರು. ಬಲೆಗಾರರು ಹೇಳಿದ ಎಂಟು ದಿನ ಅಂದರೆ ಅದೇ ಅಲ್ಲವೇ.

ಕೊನೆಕೊಯ್ಲು · 29 ಜುಲೈ

ಬೋರ್ಡೋ ಪಂಪಿನ ಬಿಡಿಭಾಗಕ್ಕೆ ಹುಬ್ಬಳ್ಳಿಗೆ ಹೋಗಿದ್ದೆ. ಅಲ್ಲೇ ‘ಸು ಫ್ರಮ್ ಸೋ’ ನೋಡಿದೆ. 25ಕ್ಕೆ ಬಿಡುಗಡೆಯಾಗಿ ನಾಲ್ಕೇ ದಿನ, ಮಂಗಳವಾರ ಮಧ್ಯಾಹ್ನದ ಆಟ, ಸೀಟು ಖಾಲಿ ಇರಲಿಲ್ಲ. ನನಗೆ ಸಿಕ್ಕಿದ್ದು ಮುಂದಿನಿಂದ ಎರಡನೇ ಸಾಲು.

ಈ ಎಳೆಯಲ್ಲಿ ನಾವು ಆಡಿದ ಮಾತೆಲ್ಲ ಅಲ್ಲಿ ಕೂತು ನೆನಪಾಯಿತು. ಜೆ. ಪಿ. ತುಮಿನಾಡ್ ಬರೆದು ನಿರ್ದೇಶಿಸಿ ತಾನೇ ನಟಿಸಿದ್ದಾರೆ. ಶನೀಲ್ ಗೌತಮ್, ಪ್ರಕಾಶ್ ತುಮಿನಾಡ್, ದೀಪಕ್ ರೈ ಪಾಣಾಜೆ, ಮೈಮ್ ರಾಮದಾಸ್. ಇವರಲ್ಲಿ ಎಷ್ಟೋ ಮಂದಿ ರಂಗಭೂಮಿಯಲ್ಲಿ ಪಳಗಿದವರು. ನಿರ್ಮಾಪಕರಲ್ಲೊಬ್ಬರಾದ ರಾಜ್ ಬಿ. ಶೆಟ್ಟಿಯವರೇ ಒಂದು ಪಾತ್ರ ಮಾಡಿಯೂ ಕಥೆಯನ್ನು ಉಳಿದವರ ಕೈಗೆ ಬಿಟ್ಟಿದ್ದಾರೆ. ಮಂಗಳೂರು ಕಡೆಯ ಕನ್ನಡ, ಒಂದು ಊರಿನ ಜನ, ಒಂದು ದೆವ್ವದ ಸುದ್ದಿ. ಪಕ್ಕದಲ್ಲಿ ಕೂತವರು ನವಲಗುಂದದ ಕಡೆಯ ವಯಸ್ಸಾದ ರೈತರು. ಮಾತು ಪೂರ್ತಿ ತಿಳಿಯದಿದ್ದರೂ ಕಣ್ಣೀರು ಬರುವ ಹಾಗೆ ನಗುತ್ತಿದ್ದರು. ಮಧ್ಯಂತರದಲ್ಲಿ ‘ಇವ್ರು ಎಲ್ಲಿ ಮಂದಿ?’ ಅಂತ ಕೇಳಿದರು. ಕರಾವಳಿ ಅಂದೆ. ‘ನೀವೂ ಅಲ್ಲೇನವರಾ?’ ಅಂದರು. ಘಟ್ಟದ ಮೇಲಿನವ ಅಂತ ಹೇಳಲು ಮನಸ್ಸು ಬರಲಿಲ್ಲ, ಹೂಂ ಅಂದುಬಿಟ್ಟೆ.

ಕಾಳಿ ಕಿನಾರೆ, ನಿಮ್ಮ ಮಾತು ನಿಜ. ಮುಖ ಗೊತ್ತಿಲ್ಲದಿದ್ದರೂ ನಾಲಿಗೆ ನಿಜವಾಗಿದ್ದರೆ ಜನ ಬರುತ್ತಾರೆ.

ಬನವಾಸಿ ಹುಡುಗಿ · 30 ಜುಲೈ

ಹಾಗಾದರೆ ನಮ್ಮ ಜಿಲ್ಲೆಯ ಎರಡು ಸಿನಿಮಾಕ್ಕೆ ನಾವೇ ಪಾತ್ರ ಹಂಚೋಣ. ಯಾರೂ ಮಾಡುತ್ತಿಲ್ಲ, ಆದರೆ ಆಗಲೇಬೇಕಾದವು.

ಮೊದಲನೆಯದು ರಾಣಿ ಚೆನ್ನಭೈರಾದೇವಿ. ಗೇರುಸೊಪ್ಪೆಯಿಂದ 1552ರಿಂದ 1606ರವರೆಗೆ, 54 ವರ್ಷ ಆಳಿದವಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತ ಕರೆದರು. ಮಿರ್ಜಾನ್ ಕೋಟೆಯಲ್ಲಿ ನಿಂತರೆ ಈಗಲೂ ಅಘನಾಶಿನಿ ಕಾಣುತ್ತದೆ. 54 ವರ್ಷ ಅಂದರೆ ಒಬ್ಬ ನಟಿ ಸಾಕಾಗುವುದಿಲ್ಲ. ಯುವರಾಣಿಗೆ ರುಕ್ಮಿಣಿ ವಸಂತ್. ಮುಪ್ಪಿನ ರಾಣಿಗೆ? ನನಗೆ ಹೊಳೆಯುತ್ತಿಲ್ಲ.

ಎರಡನೆಯದು ಕಾಡಿಗೆ ಸಾವಿರಾರು ಸಸಿ ಬೆಳೆಸಿದ ತುಳಸಿ ಗೌಡ. ಬರಿಗಾಲಲ್ಲಿ, ತಮ್ಮ ಹಾಲಕ್ಕಿ ಸಮುದಾಯದ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ ಹಾಕಿಕೊಂಡು ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಂದ ತುಳಸಜ್ಜಿ. ಹೋದ ಡಿಸೆಂಬರಿನಲ್ಲಿ ತೀರಿಕೊಂಡರು. ಎರಡು ತಿಂಗಳಿಗೆ ಸುಕ್ರಜ್ಜಿಯೂ ಹೋದರು. ಸುಕ್ರಿ ಬೊಮ್ಮಗೌಡರ ಹಾಡು ಇನ್ನು ಯಾರ ಬಾಯಲ್ಲಿ?

ಬಲೆಗಾರ · 30 ಜುಲೈ

ತುಳಸಜ್ಜಿ ನಮ್ಮ ತಾಲ್ಲೂಕಿನವರು. ಅವರ ಪಾತ್ರವನ್ನು ಹಾಲಕ್ಕಿ ಹೆಂಗಸೇ ಮಾಡಬೇಕು. ಮಣಿಸರ ಹಾಕಿದ ಕೂಡಲೇ ಹಾಲಕ್ಕಿ ಆಗುವುದಿಲ್ಲ. ಬೀಜದ ಮೇಲೆ ಮಣ್ಣು ಎಳೆಯುವ ಕೈ ಬೇರೆ.

ಚಂಡೆಪೆಟ್ಟು · 30 ಜುಲೈ

ಮುಪ್ಪಿನ ರಾಣಿಗೆ ಬಿ. ಜಯಶ್ರೀ. ಆ ಕಂಠ ಒಂದು ಸಲ ಕೋಟೆಯೊಳಗೆ ಮೊಳಗಬೇಕು. ಬಲೆಗಾರರ ಮಾತಿಗೆ ನನ್ನದೂ ಸಹಿ.

ಅಘನಾಶಿನಿ · 31 ಜುಲೈ

ಚೆನ್ನಭೈರಾದೇವಿ ಸಿನಿಮಾ ಆದರೆ ಪೋರ್ಚುಗೀಸರ ಜೊತೆ ಮೆಣಸಿನ ದರ ಮಾತಾಡೂ ಮುದಿ ಮಂತ್ರಿ ಒಬ್ಬ ಬೇಕಲ್ಲ? ನಮ್ಮ ಮಾವನಿಗೆ ಈಗ ಅರವತ್ತೇಳು. ಈ ಎಳೆ ಪೂರ್ತಿ ಅವರಿಗೆ ಓದಿ ಹೇಳಿದೆ. ರಂಪಣಿದು ಬಂದಾಗ ‘ಹಾಂ, ಸರಿ ಬರೆದಿದ್ದಾನೆ’ ಅಂದರು. ಮಂತ್ರಿ ಪಾತ್ರ ಹೇಳಿದಾಗ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದಮೇಲೆ ಒಳಗೆ ಹೋಗಿ ಹಳೇ ನಾಟಕದ ಮಾತು ಒಂದನ್ನು ಹೇಳ್ಕೊಳ್ತಾ ಇದ್ದದ್ದು ಕೇಳ್ತು.

ಬಲೆಗಾರ · 31 ಜುಲೈ

ನಾಳೆಯಿಂದ ಸಮುದ್ರಕ್ಕೆ. ಸಿಗ್ನಲ್ ಸಿಕ್ಕಾಗ ಓದುತ್ತೇನೆ. ಮಾವನಿಗೆ ಹೇಳಿ, ಮೊದಲ ಬಂಗಡೆ ಅವರ ಮನೆಗೆ.

ಬನವಾಸಿ ಹುಡುಗಿ · 8 ಆಗಸ್ಟ್

ಬಂತು ಬಂತು ಬಂತು! ವರಮಹಾಲಕ್ಷ್ಮಿ ಹಬ್ಬದ ದಿನವೇ ಬಿಟ್ಟರು. ರುಕ್ಮಿಣಿ ವಸಂತ್, ಪಾತ್ರದ ಹೆಸರು ಕನಕವತಿ. ಈಗ ಗುಸುಗುಸು ಅಲ್ಲ, ಚಿತ್ರತಂಡವೇ ಹೇಳಿದ್ದು. ರಾಜಮನೆತನದ ಉಡುಗೆ, ಒಡವೆ, ಆದರೆ ನನಗೆ ಇಷ್ಟವಾದದ್ದು ಆ ನಿಂತ ಬಗೆ. ಅಮ್ಮ ಕಲಶಕ್ಕೆ ಸೀರೆ ಉಡಿಸುತ್ತಿದ್ದಳು, ನಾನು ಕಿರುಚಿದ್ದಕ್ಕೆ ಬೈದಳು, ಆಮೇಲೆ ಮೊಬೈಲು ಇಸಿದುಕೊಂಡು ನನಗಿಂತ ಹೆಚ್ಚು ಹೊತ್ತು ನೋಡಿದಳು.

ಕಾಳಿ ಕಿನಾರೆ · 8 ಆಗಸ್ಟ್

ಚೆನ್ನಾಗಿದೆ. ಕನ್ನಡ ಸ್ವಚ್ಛ ಮಾತಾಡುವ ನಟಿ, ಅದೇ ನನಗೆ ಸಮಾಧಾನ. ನಮಗೆ ಹತ್ತಿರ ಮಡಗಾಂವ್. ಅಲ್ಲಿ ಕನ್ನಡದ್ದು ಬಿಟ್ಟು ಹಿಂದಿ ಪ್ರತಿ ಹಾಕಿದರೆ ನಾನು ಘಟ್ಟ ಹತ್ತಿ ಬರುವವಳೇ.

ಕೋಟಿತೀರ್ಥದ ಕಟ್ಟೆ · 9 ಆಗಸ್ಟ್

ಹಾಗಾದರೆ ಎಲ್ಲ ಸೇರಿಯೇ ನೋಡೋಣ. ಅಕ್ಟೋಬರ್ 2 ವಿಜಯದಶಮಿ. ಬೆಳಿಗ್ಗೆ ಮನೆಯ ಪೂಜೆ ಮುಗಿಸಿ ಗೋಕರ್ಣದಿಂದ ನಾನು ಒಂದು ಟೆಂಪೊ ಹೊರಡಿಸುತ್ತೇನೆ. ಕುಮಟಾದಲ್ಲಿ ಅಘನಾಶಿನಿ ಮತ್ತು ಅವರ ಮಾವ ಹತ್ತಲಿ, ಹೊನ್ನಾವರದವರು ಕುಮಟಾಕ್ಕೆ ಬಂದು ಸೇರಿ. ದೇವಿಮನೆ ಘಟ್ಟದ ರಸ್ತೆ ಆಗ ಹೇಗಿರುತ್ತದೋ ನೋಡಿಕೊಂಡು ಹೊತ್ತು ಹೇಳುತ್ತೇನೆ. ಶಿರಸಿಯಲ್ಲಿ ಮ್ಯಾಟಿನಿ. ಕೊನೆಕೊಯ್ಲು ಅವರೇ, ಟಿಕೆಟಿನ ಜವಾಬ್ದಾರಿ ನಿಮ್ಮದು. ಈಗ ಎಂಟು ಜನ ಆಯಿತು.

ಕೊನೆಕೊಯ್ಲು · 9 ಆಗಸ್ಟ್

ಎಂಟಲ್ಲ, ಒಂಬತ್ತು ತೆಗೆಸುತ್ತೇನೆ. ಹಿಂದಿನಿಂದ ಅಪ್ಪಯ್ಯ ಕೂಗುತ್ತಿದ್ದಾನೆ, ‘ಆನೂ ಬತ್ತಿ’ ಹೇಳಿ.